ಸ್ಕ್ರೋಲ್‌ಬಾರ್ ಬಚ್ಚಿಟ್ಟು ಸಾಧಿಸಿದ್ದೇನು?

ನಮಸ್ಕಾರ, ಬನ್ನಿ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್: "ಮೌಸಲ್ಲಿ ವೀಲ್ ಇದೆಯಲ್ಲ ಗುರು, ಸ್ಕ್ರೋಲ್‌ಬಾರ್ ಯಾರಿಗೆ ಬೇಕು?" ವಿಂಡೋ ಅಂಚಲ್ಲಿ ಪುಟ ಮೇಲೆ-ಕೆಳಗೆ ಎಳೆಯೋಕೆ ಇರೋ ಪಟ್ಟಿ ಅದು. ನನಗೆ ಬೇಕು ಸ್ವಾಮಿ. ನಮ್ಮ ಸೋದರಮಾವನಿಗೆ ಬೇಕು.

ಮಾವ ಹೊಸ ಲ್ಯಾಪ್‌ಟಾಪ್‌ಗೆ ಕನ್ನಡ ಕೀಬೋರ್ಡ್ ಹಾಕೋಕೆ ಕೂತಿದ್ರು. ಭಾಷೆಗಳ ಪಟ್ಟಿ ತೆರೀತು. ಡ್ಯಾನಿಶ್, ಡಚ್ ತನಕ ಸಾಲು ನೀಟಾಗಿ ಕಾಣ್ತಿದೆ, ಅಲ್ಲಿಗೆ ವಿಂಡೋ ಮುಗೀತು. ಬಲಗಡೆ ಅಂಚಲ್ಲಿ ಏನೂ ಇಲ್ಲ. "ಇದ್ರಲ್ಲಿ ಕನ್ನಡ ಕೊಟ್ಟೇ ಇಲ್ಲ ಕಣೋ" ಅಂತ ಮುಚ್ಚಿಟ್ಟುಬಿಟ್ರು. ಕನ್ನಡ ಇತ್ತು, ಕೆಳಗಿತ್ತು! ಕೆಳಗೆ ಇನ್ನೂ ಇದೆ ಅಂತ ಹೇಳೋ ಗುರುತನ್ನೇ ಡಿಸೈನರ್ ಬಚ್ಚಿಟ್ಟಿದ್ದ.

ಸ್ಕ್ರೋಲ್‌ಬಾರ್ ಇರೋದು ಬರೀ ಎಳೆಯೋಕಲ್ಲ ರೀ, ಅದು ಮಾಹಿತಿ. ಅದರೊಳಗೆ ಜಾರೋ ಹಿಡಿ ಉದ್ದ ಇದ್ರೆ ಫೈಲ್ ಚಿಕ್ಕದು, ಗಿಡ್ಡ ಇದ್ರೆ ದೊಡ್ಡದು. ನಡುವೆ ನಿಂತಿದ್ರೆ ಅರ್ಧ ಓದಾಯ್ತು. ಒಂದು ಕ್ಲಿಕ್ಕೂ ಇಲ್ದೆ ಇಷ್ಟು ಗೊತ್ತಾಗುತ್ತೆ. ವೀಲ್ ಇದನ್ನ ಹೇಳುತ್ತಾ?

2011ರಲ್ಲಿ ಆಪಲ್ ಮ್ಯಾಕ್‌ನ ಲಯನ್ ಆವೃತ್ತಿ ತಂತು, ಟ್ರ್ಯಾಕ್‌ಪ್ಯಾಡ್ ಬಳಸೋರಿಗೆ ಸ್ಕ್ರೋಲ್‌ಬಾರ್ ಮಾಯ. ಅದೇ ವರ್ಷ ಉಬುಂಟು ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಕೂಡ ತನ್ನ 11.04 ಆವೃತ್ತಿಯಲ್ಲಿ ಅದನ್ನ ಕೂದಲೆಳೆಯಂಥ ಗೆರೆ ಮಾಡಿಟ್ಟಿತು. ಇವತ್ತು ವಿಂಡೋಸ್ 11ರ ಸೆಟ್ಟಿಂಗ್ಸ್ ತೆಗೆದು ನೋಡಿ, ಮೌಸ್ ಹತ್ತಿರ ಒಯ್ದರೆ ಮಾತ್ರ ಅದು ದಪ್ಪ ಆಗುತ್ತೆ. ಗುರಿ ಚಿಕ್ಕದಾದಷ್ಟೂ ಮುಟ್ಟೋಕೆ ಹೊತ್ತು ಜಾಸ್ತಿ ಅಂತ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ತೋರಿಸಿದ್ರು. ಮೊದಲ ಐಫೋನ್ ಸ್ಕ್ರೀನ್ ಮೂರೂವರೆ ಇಂಚಿತ್ತು, ಸ್ಕ್ರೋಲ್‌ಬಾರ್ ಬಚ್ಚಿಟ್ಟು ಜಾಗ ಉಳಿಸಿದ್ರು, ಸರಿ. ನಮ್ಮ ಟೇಬಲ್ ಮೇಲಿರೋ ಮಾನಿಟರ್‌ಗೆ ಯಾವ ಬರಗಾಲ?

"ನೋಡೋಕೆ ಕ್ಲೀನ್ ಆಗಿರುತ್ತೆ" ಅಂತಾರೆ. ಕಂಪ್ಯೂಟರ್ ಏನು ಷೋಕೇಸಲ್ಲಿಡೋ ಬೊಂಬೇನಾ? ಕೆಲಸ ಮಾಡೋ ಯಂತ್ರ ರೀ!

ಇನ್ನೊಬ್ರು, "ಸೆಟ್ಟಿಂಗಲ್ಲಿ ಆನ್ ಮಾಡ್ಕೊಳ್ಳಿ" ಅಂತಾರೆ. ಮಾಡ್ಕೋಬಹುದು. ವಿಂಡೋಸ್ 11ರಲ್ಲಿ ಆಕ್ಸೆಸಿಬಿಲಿಟಿ, ವಿಷುಯಲ್ ಎಫೆಕ್ಟ್ಸ್ ಒಳಗಿದೆ. ಮ್ಯಾಕ್‌ನಲ್ಲಿ ಅಪಿಯರೆನ್ಸ್ ಒಳಗೆ. ಆದ್ರೆ ಕೆಳಗೆ ಇನ್ನೂ ಏನೋ ಇದೆ ಅಂತಲೇ ಗೊತ್ತಿಲ್ದೋರು ಏನಂತ ಹುಡುಕ್ಬೇಕು? ಬೇಡ ಅನ್ನೋರು ಆಫ್ ಮಾಡ್ಕೊಳ್ಳಲಿ! ಮೊದಲು ತೋರಿಸ್ರಪ್ಪ, ಆಮೇಲೆ ಬಚ್ಚಿಡಿ!

ಎರಡೂ ಕಡೆ ಆನ್ ಮಾಡೋದು ಹೇಗೆ ಅಂತ ಒಂದು ಶಾರ್ಟ್ಸ್ ಹಾಕಿದೀನಿ, ನೋಡಿ, ಮನೆ ಗ್ರೂಪಿಗೂ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಮುಂದಿನ ವಾರ ಹೆಸರೇ ಬರೆದಿಲ್ಲದ ಐಕಾನ್‌ಗಳ ಸರದಿ. ಅವನ್ನೂ ಬಿಡಲ್ಲ ನಾನು.