ಬ್ಯಾಟರಿ ಬದಲಿಸುವ ಮೊದಲು ಕೇಬಲ್ಲನ್ನು ನೋಡಿ

ಕೇಳುಗರಿಗೆ ನಮಸ್ಕಾರ.

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುತ್ತ ಕಾರ್ಖಾನೆಯತ್ತ ಸಾಗುವ ಟ್ರ್ಯಾಕ್ಟರುಗಳನ್ನು ನೀವೆಲ್ಲ ಬಲ್ಲಿರಿ. ಕಾರ್ಖಾನೆಯ ಮುಂದೆ ಪಾಳಿ ಹಚ್ಚಿ ನಿಂತಾಗ, ನಾಲ್ಕು ಮಾರು ಮುಂದೆ ಸರಿಯಲು ಎಂಜಿನ್ ಚಾಲೂ ಮಾಡುವುದು, ಮತ್ತೆ ಬಂದ್ ಮಾಡುವುದು ಇಡೀ ರಾತ್ರಿ ನಡೆಯುತ್ತದೆ. ಪ್ರತಿ ಸಲವೂ ಬ್ಯಾಟರಿಯಿಂದ ದೊಡ್ಡ ಪ್ರಮಾಣದ ವಿದ್ಯುತ್ತು ಹೋಗುತ್ತದೆ; ಅದನ್ನು ಮರಳಿ ತುಂಬುವಷ್ಟು ಹೊತ್ತು ಎಂಜಿನ್ ಓಡುವುದಿಲ್ಲ.

ಅಂಥದೊಂದು ಪಾಳಿಯಲ್ಲಿ ನಮ್ಮ ಟ್ರ್ಯಾಕ್ಟರ್ ನಿಂತುಬಿಟ್ಟಿತು. ಸೆಲ್ಫ್ ಒತ್ತಿದರೆ ‘ಟಕ್’ ಎಂಬ ಸದ್ದಷ್ಟೇ. ಬ್ಯಾಟರಿ ಸತ್ತಿದೆ ಎಂದು ಅಂಗಡಿಯವರು ಹೇಳಿದರು, ನಾವು ಹೊಸದನ್ನು ಹಾಕಿಸಿದೆವು. ಹದಿನೈದು ದಿನದಲ್ಲಿ ಮತ್ತೆ ಅದೇ ಸದ್ದು. ಆಗ ಊರಿನ ಹಿರಿಯ ಮೇಸ್ತ್ರಿಯೊಬ್ಬರು ಬ್ಯಾಟರಿಯನ್ನು ಮುಟ್ಟಲೇ ಇಲ್ಲ. ಎರಡು ಸಲ ಸೆಲ್ಫ್ ಹೊಡೆಸಿ, ಬ್ಯಾಟರಿಯ ಋಣ (ಮೈನಸ್) ಕಂಬದಿಂದ ಎಂಜಿನ್ನಿನ ಲೋಹಕ್ಕೆ ಹೋಗುವ ಅರ್ಥಿಂಗ್ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದು ಬಿಸಿಯಾಗಿತ್ತು. ಮೇಲಿನ ರಬ್ಬರ್ ಸೀಳಿದಾಗ ಒಳಗಿನ ತಾಮ್ರದ ಎಳೆಗಳು ಕಿಲುಬು ಹಿಡಿದು ಹಸಿರು ಪುಡಿಯಾಗಿದ್ದವು.

ಸೆಲ್ಫ್ ಒತ್ತಿದಾಗ ಎಂಜಿನ್ನನ್ನು ತಿರುಗಿಸುವ ಸ್ಟಾರ್ಟರ್ ಮೋಟಾರು ನೂರಾರು ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಒಂದು ಓಮಿನ ನೂರನೆಯ ಒಂದು ಭಾಗದಷ್ಟು ಅಡ್ಡಿಯಿದ್ದರೂ 200 ಆಂಪಿಯರ್ ಹರಿಯುವಾಗ 2 ವೋಲ್ಟ್ ಅಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. ಹೊಸ ಬ್ಯಾಟರಿ ತನ್ನ ಕಸುವಿನಿಂದ ಕೆಲವು ದಿನ ಈ ನಷ್ಟವನ್ನು ಮರೆಮಾಚುತ್ತದೆ. ನಮ್ಮಲ್ಲಿ ನಡೆದದ್ದು ಇದೇ.

ಇದನ್ನು ಸಾಮಾನ್ಯ ಮಲ್ಟಿಮೀಟರಿನಿಂದ ನೀವೇ ಪರೀಕ್ಷಿಸಬಹುದು. ಗೇರು ನ್ಯೂಟ್ರಲ್‌ನಲ್ಲಿರಲಿ. ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ಕಂಬದ ಸೀಸದ ಮೇಲೆ, ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ ಹಿಡಿದು, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಾಗಿಸಿ, ಮತ್ತೊಬ್ಬರಿಂದ ಸೆಲ್ಫ್ ಹೊಡೆಸಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ದೋಷ ಕೇಬಲ್ಲಿನಲ್ಲಿಯೋ ಅದರ ಜೋಡಣೆಯಲ್ಲಿಯೋ ಇದೆ. ಧನ (ಪ್ಲಸ್) ಕಂಬದಿಂದ ಸ್ಟಾರ್ಟರಿನವರೆಗಿನ ಕೇಬಲ್ಲನ್ನೂ ಹೀಗೆಯೇ ನೋಡಬೇಕು.

ಬ್ಯಾಟರಿಯ ಸ್ಥಿತಿ ತಿಳಿಯಲು ಗಾಡಿ ಕೆಲವು ತಾಸು ನಿಂತ ಮೇಲೆ ಅಳೆಯಬೇಕು. ಸುಮಾರು 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ, 12ಕ್ಕಿಂತ ಕೆಳಗಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ, ಮತ್ತು ಸ್ಟಾರ್ಟರ್ ಸರಿಯಿದ್ದರೆ, ಆಗ ಬ್ಯಾಟರಿಯನ್ನು ಸಂಶಯಿಸಿ. ಎಂಜಿನ್ ಓಡುವಾಗ 13.8ರಿಂದ 14.4ರಷ್ಟು ಬಾರದಿದ್ದರೆ ಡೈನಮೋ, ಅದರ ಬೆಲ್ಟು ಮತ್ತು ವೈರುಗಳನ್ನು ನೋಡಿಸಿ.

ಟರ್ಮಿನಲ್ ಬಿಚ್ಚುವಾಗ ಋಣದ ತುದಿ ಮೊದಲು, ಜೋಡಿಸುವಾಗ ಅದೇ ಕೊನೆಗೆ. ಈ ಕ್ರಮ ತಪ್ಪಿ, ಧನ ಕಂಬದ ಮೇಲಿನ ಪಾನಾ ಚಾಸಿಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಆ ಕಿಡಿಯೇ ಸಾಕು, ಬೀಡಿಯ ಕೆಂಡವೂ ಸಾಕು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಟರ್ಮಿನಲ್ಲಿನ ಮೇಲೆ ಹೂವಿನಂತೆ ಕಟ್ಟುವ ಬಿಳಿ-ಹಸಿರು ಕಿಲುಬನ್ನು ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆಯಿರಿ, ಆದರೆ ಒಂದು ಹನಿಯೂ ಮುಚ್ಚಳದೊಳಗೆ ಇಳಿಯಬಾರದು. ಸೀಸ ಹೊಳೆಯುವವರೆಗೆ ಉಜ್ಜಿ, ಒಣಗಿಸಿ, ಬಿಗಿದ ನಂತರವೇ ಪೆಟ್ರೋಲಿಯಂ ಜೆಲ್ಲಿ ಸವರಿರಿ.

ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬ್ಯಾಟರಿಯ ನೀರು ಬೇಗ ಆರುತ್ತದೆ. ಮುಚ್ಚಳವಿರುವ ಬ್ಯಾಟರಿಯಾದರೆ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬೋರಿನ ನೀರಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಆಸಿಡ್ಡನ್ನಂತೂ ಸುರಿಯಲೇಬಾರದು, ಆರಿಹೋದದ್ದು ನೀರೇ ಹೊರತು ಆಸಿಡ್ ಅಲ್ಲ.

ಹಂಗಾಮು ಮುಗಿದು ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಬಹಳ ದಿನ ನಿಲ್ಲುವುದಾದರೆ ಋಣದ ಕೇಬಲ್ಲನ್ನು ಬಿಚ್ಚಿಡಿ, ಮತ್ತು ತಿಂಗಳಿಗೊಮ್ಮೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ. ಬರಿದಾಗಿಯೇ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗುತ್ತದೆ, ಮುಂದೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿಯಾಗಿ ಕರಗುವುದಿಲ್ಲ.

ನಮಸ್ಕಾರ.