ಒಂದು ನಿಮಿಷದ ಆಮ್ಲಜನಕ, ಹದಿನೈದು ಪದ

ಕೇಳುಗರಿಗೆ ನಮಸ್ಕಾರ.

ಶುದ್ಧ ಆಮ್ಲಜನಕ ಎಳೆದುಕೊಂಡು ಓದಿದರೆ ಹೆಚ್ಚು ನೆನಪಿರುತ್ತದೆಯೇ? ಇಂಗ್ಲೆಂಡಿನ ನಾರ್ತಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮಾಸ್ ಮತ್ತು ಆಂಡ್ರ್ಯೂ ಶೋಲಿ 1990ರ ದಶಕದಲ್ಲಿ ಇದನ್ನು ಆರೋಗ್ಯವಂತ ಯುವಜನರ ಮೇಲೆ ಪರೀಕ್ಷಿಸಿದರು. ಪದಗಳ ಪಟ್ಟಿ ಕಲಿಯುವ ಮುನ್ನ ಸ್ವಲ್ಪ ಹೊತ್ತು ಆಮ್ಲಜನಕ ಉಸಿರಾಡಿದವರು, ಹತ್ತು ನಿಮಿಷ ಬಿಟ್ಟು ಕೇಳಿದಾಗ ಹೆಚ್ಚು ಪದ ಹೇಳಿದರು. ಅಂಕಿಗಳನ್ನು ಕೇಳಿದ ಕೂಡಲೇ ತಿರುಗಿಸಿ ಹೇಳುವ ಕೆಲಸದಲ್ಲಿ ಅಂಥ ಲಾಭ ಕಾಣಲಿಲ್ಲ. ಅಂದರೆ ಸಹಾಯವಾದದ್ದು ಹೊಸದನ್ನು ಮನಸ್ಸಿಗೆ ಇಳಿಸಿಕೊಳ್ಳುವ ಗಳಿಗೆಗೆ. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ಸಮಯವೇ.

ಏಕೆ ಹಾಗೆ? 100 ಮಿ.ಲೀ. ರಕ್ತದ ಹಿಮೋಗ್ಲೋಬಿನ್ ಸುಮಾರು 20 ಮಿ.ಲೀ. ಆಮ್ಲಜನಕ ಹೊರುತ್ತದೆ, ಮಾಮೂಲಿ ಗಾಳಿಯಲ್ಲೇ ಅದು 97-98 ಪ್ರತಿಶತ ತುಂಬಿರುತ್ತದೆ. ಶುದ್ಧ ಆಮ್ಲಜನಕ ಹೆಚ್ಚಿಸುವುದು ರಕ್ತದಲ್ಲಿ ಕರಗಿದ ಪಾಲನ್ನು: 0.3 ಮಿ.ಲೀ.ನಿಂದ ಸುಮಾರು 2 ಮಿ.ಲೀ.ಗೆ. ಕಡಿಮೆಯೆನಿಸಬಹುದು, ಆದರೆ ಮೆದುಳು ಅಷ್ಟೇ ರಕ್ತದಿಂದ ತೆಗೆದುಕೊಳ್ಳುವುದೇ 6-7 ಮಿ.ಲೀ. ಮಾಸ್ಕ್ ತೆಗೆದ ಕೆಲವೇ ನಿಮಿಷಗಳಲ್ಲಿ ಈ ಹೆಚ್ಚಳ ಇಳಿದುಹೋಗುತ್ತದೆ. ಜೊತೆಗೆ ಆಮ್ಲಜನಕ ಹೆಚ್ಚಾದಾಗ ಮೆದುಳಿನ ರಕ್ತನಾಳಗಳು ಕಿರಿದಾಗಿ ಹರಿವು ತಗ್ಗುತ್ತದೆ.

ಕಾಲೇಜಿನಲ್ಲಿ ಇದನ್ನು ವೈದ್ಯರ ನಿಗಾದಲ್ಲಿ ಪರೀಕ್ಷಿಸುವವರು ಮೊದಲು ಮಾಸ್ಕ್ ನೋಡಲಿ. ಮೂಗಿನ ನಳಿಕೆಯಲ್ಲಿ 2 ಲೀಟರ್ ಹರಿಸಿದರೆ ಉಸಿರಿಗೆ ಸಿಗುವುದು ಸುಮಾರು 28 ಪ್ರತಿಶತ ಆಮ್ಲಜನಕ ಅಷ್ಟೆ. ಚೀಲವಿರುವ ಮಾಸ್ಕಿಗೆ ನಿಮಿಷಕ್ಕೆ 10ರಿಂದ 15 ಲೀಟರ್ ಬೇಕು; ಮುಖಕ್ಕೆ ಕಟ್ಟುವ ಮುನ್ನವೇ ಚೀಲ ಉಬ್ಬಿರಬೇಕು. ಉಸಿರೆಳೆದಾಗ ಚೀಲ ಪೂರ್ತಿ ಮುದುಡಿದರೆ ಹರಿವು ಸಾಲದು. ಗಡ್ಡವಿದ್ದರೆ ಅಂಚಿನಿಂದ ಹೊರಗಾಳಿ ನುಗ್ಗುತ್ತದೆ.

ಹೋಲಿಸಿ ನೋಡಲು ಪ್ರತಿಯೊಬ್ಬರಿಗೂ ಒಂದು ಸುತ್ತಿನಲ್ಲಿ ಆಮ್ಲಜನಕ, ಇನ್ನೊಂದರಲ್ಲಿ ಮಾಮೂಲಿ ಗಾಳಿ ಕೊಡಬೇಕು. ಗಾಳಿಯ ಸಿಲಿಂಡರಿಗೂ ಅದೇ ಮಾಸ್ಕ್, ಅದೇ ಹರಿವು ಇರಲಿ; ಸುಯ್ಯೆನ್ನುವ ಸದ್ದಿನಲ್ಲೂ ವ್ಯತ್ಯಾಸ ತಿಳಿಯಬಾರದು. ಯಾವುದು ಯಾವುದೆಂದು ಪದಗಳನ್ನು ಓದಿ ಹೇಳುವವರಿಗೂ ಗೊತ್ತಿರಬಾರದು. ಎರಡನೇ ಸುತ್ತಿಗೆ ಬೇರೆ 15 ಪದಗಳು ಬೇಕು, ಇಲ್ಲವಾದರೆ ಅಳೆಯುವುದು ಅಭ್ಯಾಸವನ್ನೇ. ಅರ್ಧ ಜನಕ್ಕೆ ಮೊದಲು ಗಾಳಿ, ಉಳಿದರ್ಧಕ್ಕೆ ಮೊದಲು ಆಮ್ಲಜನಕ.

ರೆಗ್ಯುಲೇಟರಿಗೆ ಎಣ್ಣೆ, ಗ್ರೀಸ್ ಸೋಕಿಸಬೇಡಿ, ಒತ್ತಡದ ಆಮ್ಲಜನಕದಲ್ಲಿ ಅದು ತಾನೇ ಹೊತ್ತಿಕೊಳ್ಳಬಹುದು. ಬಹುಕಾಲದ ಶ್ವಾಸಕೋಶದ ಕಾಯಿಲೆ ಇರುವವರನ್ನು ಸೇರಿಸಿಕೊಳ್ಳಲೇಬೇಡಿ: ಆಮ್ಲಜನಕ ಹೆಚ್ಚಾದರೆ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಆಸ್ಪತ್ರೆಯಲ್ಲಿ ಅಂಥವರ ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಸಾಮಾನ್ಯವಾಗಿ 88ರಿಂದ 92 ಪ್ರತಿಶತ ಮಾತ್ರ ತುಂಬಿರುವಂತೆ ಕಾಯ್ದುಕೊಳ್ಳುವುದು ಇದೇ ಕಾರಣಕ್ಕೆ.