ಅಜ್ಜಿಯ ಮಡಿಲಲ್ಲಿ ಗೊಂಬೆ ಇದ್ದರೆ ನಗಬೇಡಿ

ಎಲ್ಲರಿಗೂ ನಮಸ್ಕಾರ. ಡಿಮೆನ್ಶಿಯಾ, ಅಂದರೆ ನೆನಪು ಮತ್ತು ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ, ಇರುವ ಹಿರಿಯರಿಗೆ ಗೊಂಬೆ ಕೊಡೋದು ಸರಿನಾ? ನಾನಂತೂ ಸರಿ ಅಂತಲೇ ಹೇಳುತ್ತೇನೆ.

"ಎಂಬತ್ತು ವರ್ಷದವರಿಗೆ ಆಟದ ಗೊಂಬೆನಾ? ನೋಡಿದವರು ಏನಂದುಕೊಳ್ತಾರೆ?" ಈ ಮಾತು ಬಂದೇ ಬರುತ್ತದೆ. ಆ ಸಂಕಟವನ್ನು ನಾನು ತಳ್ಳಿಹಾಕಲ್ಲ. ಡಿಮೆನ್ಶಿಯಾ ಇರುವವರನ್ನು ಎಳೆಮಕ್ಕಳ ಥರ ನಡೆಸಿಕೊಂಡರೆ ಅವರ ವ್ಯಕ್ತಿತ್ವಕ್ಕೇ ಪೆಟ್ಟು ಬೀಳುತ್ತದೆ ಎಂದು ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1990ರ ದಶಕದಲ್ಲೇ ಬರೆದಿದ್ದರು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಒಮ್ಮೆ ಹತ್ತಿರ ಕೂತು ನೋಡಿ.

ನಮ್ಮ ನೆಂಟರಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಸಂಜೆಯಾದರೆ ಸಾಕು, "ಮಕ್ಕಳು ಇನ್ನೂ ಸ್ಕೂಲಿಂದ ಬಂದಿಲ್ಲ" ಅಂತ ಬಾಗಿಲ ಚಿಲಕ ಎಳೆಯೋಕೆ ಶುರು. ಮಗಳು ಒಂದಿನ ಬಟ್ಟೆ ಗೊಂಬೆಯೊಂದನ್ನು ದಿವಾನದ ಮೇಲಿಟ್ಟು ಸುಮ್ನೆ ಒಳಗೆ ಹೋದಳು. ದೊಡ್ಡಮ್ಮ ಅದನ್ನು ಎತ್ತಿಕೊಂಡ ರೀತಿ ನೋಡಬೇಕಿತ್ತು: ಕತ್ತಿನ ಕೆಳಗೆ ಕೈ ಕೊಟ್ಟು, ಸೆರಗು ಹೊದಿಸಿ, ಬೆನ್ನು ತಟ್ಟುತ್ತಾ ಕೂತರು. ಆಮೇಲೆ ಮಗಳನ್ನು ಕರೆದು, "ದೃಷ್ಟಿಬೊಟ್ಟು ಇಡೋದು ಮರೆತೆಯಲ್ಲೇ" ಅಂತ ಗದರಿದರು. ಅಲ್ಲಿ ಕೂತಿದ್ದು ಐದು ಮಕ್ಕಳನ್ನು ಸಾಕಿದ ತಾಯಿ. ದಿನವಿಡೀ "ಅಲ್ಲಿ ಹೋಗ್ಬೇಡಿ, ಅದು ಮುಟ್ಬೇಡಿ" ಅಂತ ಕೇಳಿಸಿಕೊಳ್ಳುವವರಿಗೆ ತಾವೇ ನೋಡಿಕೊಳ್ಳುವ ಒಂದು ಜೀವ ಸಿಕ್ಕಿತ್ತು.

ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಆರೈಕೆ ಮನೆಗಳಲ್ಲಿ ಗೊಂಬೆ, ಟೆಡ್ಡಿಗಳನ್ನು ಇಟ್ಟು ನೋಡಿದ ಅಧ್ಯಯನ 2006ರಲ್ಲಿ ಬಂತು. ಎತ್ತಿಕೊಂಡವರಲ್ಲಿ ಹೆಚ್ಚಿನವರ ಚಡಪಡಿಕೆ ಕಡಿಮೆಯಾಯಿತು, ಜನರ ಜೊತೆ ಮಾತು ಜಾಸ್ತಿಯಾಯಿತು ಅಂದರು ಸಿಬ್ಬಂದಿ. ಇಂಥ ಅಧ್ಯಯನಗಳೆಲ್ಲ ಚಿಕ್ಕವು, ನಿಜ. ಗೊಂಬೆ ಕಾಯಿಲೆಯನ್ನು ವಾಸಿ ಮಾಡಲ್ಲ, ಅದೂ ನಿಜ. ಆದರೆ ಗಲಾಟೆ ತಡೆಯೋಕೆ ಕೊಡುವ ಕೆಲವು ಮನೋರೋಗದ ಮಾತ್ರೆಗಳಿಂದ ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಅವೂ ಕೆಲವೊಮ್ಮೆ ಬೇಕಾಗುತ್ತವೆ, ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಅದಕ್ಕೆ ಮೊದಲು ಗೊಂಬೆಯಂಥದ್ದನ್ನು ಯಾಕೆ ನೋಡಬಾರದು ಅನ್ನೋದಷ್ಟೇ ನನ್ನ ಮಾತು. ಇನ್ನೊಂದು, ಇದ್ದಕ್ಕಿದ್ದಂತೆ ರೇಗಾಟ ಶುರುವಾದರೆ ಮೊದಲು ನೋವು, ಮಲಬದ್ಧತೆ, ಮೂತ್ರದ ಸೋಂಕು ಏನಾದರೂ ಇದೆಯಾ ಅಂತ ತೋರಿಸಿ. ಹೇಳೋಕೆ ಬಾರದ ನೋವಿಗೆ ಗೊಂಬೆ ಔಷಧಿಯಲ್ಲ.

ಗೊಂಬೆಯನ್ನು ಕೈಗೆ ತುರುಕಬೇಡಿ. ಕಣ್ಣಿಗೆ ಬೀಳುವಲ್ಲಿಡಿ, ಬೇಕಾದರೆ ಅವರೇ ಎತ್ತಿಕೊಳ್ಳುತ್ತಾರೆ, ಬೇಡದಿದ್ದರೆ ಅಲ್ಲಿಗೆ ಬಿಡಿ. ಅಳುವ ಗೊಂಬೆ ಬೇಡ, ಸಮಾಧಾನ ಮಾಡಿ ಮಾಡಿ ಅವರೇ ಸುಸ್ತಾಗುತ್ತಾರೆ. ಕಣ್ಣು ಮುಚ್ಚಿದ್ದೂ ಬೇಡ, ಮಗು ಏಳ್ತಿಲ್ಲ ಅಂತ ಗಾಬರಿಯಾಗಬಹುದು. ಅವರು ಪುಟ್ಟಿ ಅಂದರೆ ನೀವೂ ಪುಟ್ಟಿ ಅನ್ನಿ, ಗೊಂಬೆ ಅಂದರೆ ಗೊಂಬೆ. "ಇದು ನಿಜವಾದ ಮಗುನಾ?" ಅಂತ ಕೇಳಿದರೆ ಸುಳ್ಳು ಹೇಳೋದು ಬೇಡ, "ನಿಮಗೇನನ್ನಿಸುತ್ತೆ?" ಅನ್ನಿ.

ಎಲ್ಲರಿಗೂ ಇದು ಒಗ್ಗಲ್ಲ. ಮಗುವನ್ನು ಕಳೆದುಕೊಂಡ ತಾಯಿಗೆ ಹಳೇ ದುಃಖ ಕೆದಕಿದಂತಾಗಬಹುದು. ಕೆಲವರು ತಮ್ಮ ತುತ್ತನ್ನೂ ಗೊಂಬೆಗೇ ತಿನ್ನಿಸುತ್ತಾರೆ, ಆಗ ಪಕ್ಕದಲ್ಲಿ ಕೂತು "ಪುಟ್ಟಿಗೆ ಹೊಟ್ಟೆ ತುಂಬಿದೆ, ಈಗ ನೀವು ಊಟ ಮಾಡಿ" ಅನ್ನಬೇಕಾಗುತ್ತದೆ.

ನನಗೆ ಕೋಪ ಬರುವುದು ಎರಡು ವಿಷಯಕ್ಕೆ. ಅಜ್ಜಿ ಲಾಲಿ ಹಾಡುವುದನ್ನು ರೀಲ್ಸ್ ಮಾಡಿ ನಗುವ ಮುಖದ ಎಮೋಜಿ ಹಾಕೋದು. ಹಠ ಮಾಡಿದರೆ "ಮಗುನ ಕಿತ್ಕೊಳ್ತೀನಿ ನೋಡಿ" ಅಂತ ಹೆದರಿಸೋದು. ದಯವಿಟ್ಟು ಇವೆರಡನ್ನೂ ಮಾಡಬೇಡಿ. ಗೊಂಬೆ ಒಗೆಯಬೇಕಾದರೆ ಅವರು ಮಲಗಿದಾಗ ಒಗೆಯಿರಿ, ಆದರೆ ಅಂಥದ್ದೇ ಇನ್ನೊಂದು ಗೊಂಬೆ ಪಕ್ಕದಲ್ಲಿರಲಿ. ಆಸ್ಪತ್ರೆಗೆ ಸೇರಿಸಿದರೆ ಗೊಂಬೆಯನ್ನೂ ಜೊತೆಗೆ ಕಳಿಸಿ, ಅದಕ್ಕೆ ಅವರಿಟ್ಟ ಹೆಸರನ್ನು ನರ್ಸ್‌ಗೆ ಹೇಳಿಬನ್ನಿ.